ಮಿಸ್ತ್ರಿಯವರು ಒಪ್ಪಿಕೊಂಡ ತಪ್ಪು

ನಮ್ಮ ಮಿಸ್ತ್ರಿಯವರ ಮೀಸೆಯಲ್ಲಿ ಸಂಜೆಯ ಹೊತ್ತು ಹಿತ್ತಾಳೆಯ ಪುಡಿ ಮಿನುಗುತ್ತಿತ್ತು. ಮುಂಬಯಿಯ ಗೋರೆಗಾಂವ್‌ನ ಕಾರ್ಖಾನೆ ಬಿಟ್ಟು ಲೋಕಲ್ ರೈಲು ಹತ್ತಿದರೆ ಎದುರು ಕುಳಿತವರು ಅವರನ್ನು ಅಕ್ಕಸಾಲಿಗರೆಂದೇ ತಿಳಿಯುತ್ತಿದ್ದರು. ಒಮ್ಮೆ ಒಬ್ಬ ಮುದುಕಿ ಮೂಗುತಿಯ ತಿರುಪು ಸಡಿಲಾಗಿದೆಯೆಂದು ಬಿಚ್ಚಿ ಅವರ ಮುಂದೆ ಹಿಡಿದಳು. ಇವರು ಬೇಸರಿಸದೆ ಜೇಬಿನಿಂದ ಚಿಮಟ ತೆಗೆದು, ದಾದರ್ ಬರುವುದರೊಳಗೆ ಸರಿಮಾಡಿ ಕೊಟ್ಟರು. "ತಿರುಪು ಅಂದ್ರ ತಿರುಪು. ಬಂಗಾರದ್ದಾದ್ರೇನು, ಕಬ್ಬಿಣದ್ದಾದ್ರೇನು?" ಎಂದು ನನ್ನ ಕಡೆ ಕಣ್ಣು ಮಿಟುಕಿಸಿದರು.

ಇದು ಐವತ್ತರ ದಶಕದ ಮಾತು. ಅವರು ವಿಜಾಪುರ ಕಡೆಯವರು, ನಾನು ಬೆಳಗಾವಿಯ ಹತ್ತಿರದವನು. ಆರು ವರ್ಷ ಅವರ ಕೈಕೆಳಗೆ ಲೇಥ್ ಯಂತ್ರದ ಮೇಲೆ ಉಕ್ಕು ಕಡೆಯುವುದನ್ನು ಕಲಿತು ಟರ್ನರ್ ಆದೆ. ಕೆಲಸದಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಹಟದಲ್ಲೂ ಇರಲಿಲ್ಲ. ತಪ್ಪು ಒಪ್ಪಿಕೊಳ್ಳುವುದು ಅವರ ಜಾತಕದಲ್ಲೇ ಬರೆದಿರಲಿಲ್ಲ. ಮಾಲು ಕೆಟ್ಟರೆ ಉಕ್ಕು ಹುಳುಕು, ಇಲ್ಲವೇ ನಕ್ಷೆ ಬರೆದವನು ಕುರುಡ, ಎರಡೂ ಅಲ್ಲವೆಂದರೆ ಅವತ್ತು ಶನಿವಾರ. ಹೆಂಡತಿ ಮಾಡಿದ ಸಾರಿಗೆ ತಾವೇ ಎರಡನೆಯ ಸಲ ಉಪ್ಪು ಹಾಕಿ, ಕಡೆಗೆ ಸಮುದ್ರದ ಗಾಳಿಯನ್ನು ಬೈದ ಪುಣ್ಯಾತ್ಮರು ಅವರು.

ಆಗ ಬಹರೇನ್‌ನ ಒಂದು ಎಣ್ಣೆ ಕಂಪನಿ ಮುಂಬಯಿಯಲ್ಲಿ ಟರ್ನರುಗಳನ್ನು ಆರಿಸುತ್ತಿತ್ತು. ಕೆಲಸದ ಪರೀಕ್ಷೆಯಲ್ಲಿ ಪಾಸಾದವರಿಗೆ ಕಂಪನಿಯೇ ವೀಸಾ ತರಿಸಿಕೊಡುತ್ತಿತ್ತು. ಫೇಲಾದವರ ಕೈಯಲ್ಲಿ ಪಾಸ್‌ಪೋರ್ಟ್ ಇದ್ದರೂ ಅದು ಬೀಸಿಕೊಳ್ಳಲು ಮಾತ್ರ ಉಪಯೋಗ. ನನಗೆ ಆ ವೀಸಾ ಬೇಕೇ ಬೇಕಿತ್ತು. ಮದುವೆಯಾಗಿ ಎರಡು ವರ್ಷವಾಗಿದ್ದರೂ ಹೆಂಡತಿ ತವರಿನಲ್ಲೇ ಇದ್ದಳು. ಸಯನ್‌ನ ಚಾಳಿನ ಒಂದೇ ಖೋಲಿಯಲ್ಲಿ ನಾವು ಏಳು ಜನ ಗಂಡಸರು ಮಲಗುತ್ತಿದ್ದಾಗ ಅವಳನ್ನು ಎಲ್ಲಿ ಇರಿಸಲಿ?

ಒಳ್ಳೆಯ ಟರ್ನರ್ ಕೈತಪ್ಪುತ್ತಾನೆಂದು ಮಿಸ್ತ್ರಿಯವರು ಸಿಡುಕಬಹುದೆಂದು ಹೆದರಿದ್ದೆ. ಅವರು ಕೇಳಿದ್ದು ಒಂದೇ ಪ್ರಶ್ನೆ:

"ಅಲ್ಲಿ ಜ್ವಾಳ ಸಿಗತೈತೇನಲೇ?"

"ಗೊತ್ತಿಲ್ಲರೀ."

"ಮತ್ತ ವೀಸಾ ಕೊಡೂ ಸಾಯಬಗ ಅದನ್ನ ಮೊದಲ ಕೇಳಬೇಕಪಾ!"

ಮರುದಿನವೇ ಮಾಲೀಕರ ಬೆನ್ನು ಹತ್ತಿ ನನ್ನ ಅನುಭವದ ಪತ್ರ ಬರೆಸಿ ತಂದರು.

ಪರೀಕ್ಷೆಯ ದಿನ ಗೊತ್ತಾದಾಗ ಪಂಚಾಂಗ ತೆರೆದು ನೋಡಿದೆ. ಖಂಡೆ ನವಮಿ, ಆಯುಧಪೂಜೆ! ಅಂದು ಕೆಲಸದ ಹತ್ಯಾರುಗಳೆಲ್ಲ ಪೂಜೆಗೆ ಕೂರುತ್ತವೆ, ಯಾರೂ ಮುಟ್ಟುವಂತಿಲ್ಲ. ಮಿಸ್ತ್ರಿಯವರಂತೂ ಆ ದಿನ ಮನೆಯಲ್ಲಿ ಈಳಿಗೆಯನ್ನೂ ಮುಟ್ಟಗೊಡುತ್ತಿರಲಿಲ್ಲ. ಪರೀಕ್ಷೆ ಮಾಡುವ ಕಂಪನಿಯ ಬಿಳಿಯ ಸಾಹೇಬರಿಗೆ ನವಮಿ ಯಾವುದು, ದಶಮಿ ಯಾವುದು? ಮಿಸ್ತ್ರಿಯವರು ಒಂದು ಎಲೆಯಡಿಕೆ ಮುಗಿಯುವವರೆಗೆ ಯೋಚಿಸಿದರು. "ನಸುಕಿನ್ಯಾಗ ಪೂಜಿ ಮುಗಿಸಿ ಎತ್ತಿಬಿಡೂಣು. ದೇವಿಗೆ ನಾ ಹೇಳಿಕೊಂತೀನಿ, ನೀ ಸಾಯಬನ್ನ ನೋಡಿಕೋ" ಎಂದರು.

ಹಾಗೇ ಮಾಡಿದೆವು. ಯಾರಿಗೂ ಕೊಡದ ತಮ್ಮ ಸ್ವಂತ ಮೈಕ್ರೋಮೀಟರನ್ನು ಅಂದು ಪೂಜೆಯಿಂದ ಎತ್ತಿ ನನ್ನ ಕೈಗಿಟ್ಟರು. ಕೂದಲೆಳೆಯ ದಪ್ಪವನ್ನೂ ಅಳೆಯುವ ಸಾಧನ ಅದು. ತುಂಡನ್ನು ಹಿಡಿಯುವ ಅದರ ಎರಡೂ ತುಟಿಗಳಿಗೆ ಧಾರಾಳವಾಗಿ ಕುಂಕುಮ ಹಚ್ಚಿದ್ದರು.

ಪರೀಕ್ಷೆ ಶುರುವಾಗುವ ಮೊದಲು ಆ ಕುಂಕುಮವನ್ನು ನಾನು ಚೆನ್ನಾಗಿ ಒರೆಸಿದೆ. ಇದನ್ನು ಸ್ಪಷ್ಟವಾಗಿ ಹೇಳಿಬಿಡಬೇಕು. ಕಡೆಯುವಾಗ ಮಾತ್ರ ಕೊನೆಯ ಸುತ್ತಿನಲ್ಲಿ ಅವಸರಪಟ್ಟು ಉಕ್ಕಿನ ತುಂಡನ್ನು ಕೂದಲೆಳೆಯಷ್ಟು ಹೆಚ್ಚಿಗೆ ಕಡೆದುಬಿಟ್ಟೆ. ಸಾಹೇಬ ಅಳೆದು ನೋಡಿ, ತುಂಡನ್ನು ಪಕ್ಕಕ್ಕಿಟ್ಟು, ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದ.

ಬಾಗಿಲ ಹೊರಗೆ ಮಿಸ್ತ್ರಿಯವರು ಕೋಟು, ಕರಿ ಟೊಪ್ಪಿಗೆ ಹಾಕಿಕೊಂಡು ಕಾಯುತ್ತಿದ್ದರು. ನನ್ನ ಮುಖ ನೋಡಿದ್ದೇ, "ದಪ್ಪ ಆತೋ, ಸಣ್ಣದಾತೋ?" ಎಂದರು.

"ಸಣ್ಣದಾತರೀ."

ಮೈಕ್ರೋಮೀಟರ್ ಕಸಿದುಕೊಂಡು ನೆಟ್ಟಗೆ ಒಳಗೆ ನಡೆದರು. "ಸಾಬ್, ಗಲ್ತಿ ಇಸ್ಕಾ ನಹೀ. ಮೇರಾ ಹೈ!" ಎಂದರು. ಮಿಸ್ತ್ರಿಯವರು ತಪ್ಪು ಒಪ್ಪಿಕೊಳ್ಳುವುದೆಂದರೆ! ನನ್ನ ಕಿವಿಯನ್ನು ನಾನೇ ನಂಬಲಿಲ್ಲ.

ಅವರು ತಮ್ಮ ಹಣೆಯ ಕುಂಕುಮವನ್ನು ಬೆರಳಿಗೆ ತೆಗೆದು, ಮೈಕ್ರೋಮೀಟರಿನ ತುಟಿಗಳಿಗೆ ಸವರಿ ಮುಚ್ಚಿದರು. ಸೊನ್ನೆಗೆ ನಿಲ್ಲಬೇಕಾದ ಗೆರೆ ಅದನ್ನು ಮುಟ್ಟುವ ಮೊದಲೇ ನಿಂತಿತು. ಇಂದು ಹತ್ಯಾರಿನ ಪೂಜೆ, ಕುಂಕುಮ ಹಚ್ಚಿದವನು ನಾನು, ಒರೆಸದೆ ಕೊಟ್ಟವನೂ ನಾನು, ಅದರಿಂದ ತುಂಡು ಇನ್ನೂ ದಪ್ಪವಿದೆಯೆಂದು ತೋರಿ ಇವನು ಹೆಚ್ಚು ಕಡೆದ ಎಂದು ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ವಾದಿಸಿದರು. ಸಾಹೇಬ ಅದನ್ನು ತಿರುಗಿಸಿ ನೋಡಿದ, ತನ್ನ ಬೆರಳಿಗೆ ಹತ್ತಿದ ಕೆಂಪು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಇನ್ನೊಂದು ತುಂಡು ತರಿಸಿಕೊಟ್ಟ.

ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ವೀಸಾ ಹೋಗುತ್ತಿತ್ತು. ಎರಡನೆಯ ತುಂಡು ಅಳತೆಗೆ ಸರಿಯಾಗಿ ಬಂತು.

ವೀಸಾ ಕೈಗೆ ಬರಲು ನಾಲ್ಕು ತಿಂಗಳಾಯಿತು. ಅಷ್ಟೂ ದಿನ ಆ ಮಾತು ನನಗೆ ಬಿಸಿ ತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಹಡಗು ಹತ್ತುವ ದಿನ ಬಂದರಿನ ಧಕ್ಕೆಯ ಮೇಲೆ ನಾಚಿಕೆ ಬಿಟ್ಟು ಹೇಳಿದೆ: "ಮಿಸ್ತ್ರಿಯವರ, ಅವತ್ತ ನಾ ಕುಂಕುಮ ಒರಸಿದ್ದೆರೀ. ತಪ್ಪು ನಂದ."

"ಗೊತ್ತೈತೋ ಮಂಗ್ಯಾ! ಒರಸದ ಅಳತಿ ಮಾಡಾಂವನ್ನ ನಾ ಆರು ವರ್ಷ ಇಟಗೊಂತಿದ್ದೆನೇನು?" ಎಂದು ಬೆನ್ನಿಗೊಂದು ಗುದ್ದು ಕೊಟ್ಟು ಹಡಗಿನ ಕಡೆ ತಳ್ಳಿದರು.

ಎರಡು ವರ್ಷದ ಮೇಲೆ ರಜೆಗೆ ಬಂದವನು ಸಯನ್‌ನಲ್ಲೇ ಬೇರೆ ಖೋಲಿ ಹಿಡಿದು ಹೆಂಡತಿಯನ್ನು ಕರೆತಂದೆ. ಮೊದಲ ಊಟಕ್ಕೆ ಕರೆದದ್ದು ಮಿಸ್ತ್ರಿಯವರನ್ನು. ನಡೆದದ್ದನ್ನೆಲ್ಲ ಹೆಂಡತಿಗೆ ಮೊದಲೇ ಹೇಳಿದ್ದೆ. ಅವಳು ಬಡಿಸುತ್ತ, "ಕಾಕಾ, ಖರೆ ಹೇಳ್ರಿ, ಅವತ್ತ ತಪ್ಪು ಯಾರದು?" ಎಂದು ಕೆಣಕಿದಳು. ಅವರು ರೊಟ್ಟಿ ಮುರಿಯುತ್ತ, ಕಣ್ಣೆತ್ತದೆ ಹೇಳಿದರು: "ನಂದ, ಯವ್ವಾ. ಒರಸೂದು ಮರತಿದ್ದೆ."

ಮುಂದಿನ ರಜೆಗೆ ನಾನು ಬರುವಷ್ಟರಲ್ಲಿ ಅವರು ತೀರಿಕೊಂಡಿದ್ದರು. ಅವರ ಮನೆಯ ಹೊಸ್ತಿಲಲ್ಲಿ ಕೂತು ನಾಚದೆ ಅತ್ತುಬಿಟ್ಟೆ. ಇಡೀ ಆಯುಷ್ಯದಲ್ಲಿ ಅವರು ಒಪ್ಪಿಕೊಂಡ ತಪ್ಪು ಒಂದೇ, ಅದೂ ನನ್ನದು.