ದೈವಕ್ಕೆ ಹೇಳಿದ ಕೋರ್ಸು

ಪುತ್ತೂರಿನಲ್ಲಿ ಬಸ್ಸಿನ ಕಿಟಕಿಯಿಂದ ಕೊಕ್ಕೊ ಹುರಿಯುವ ಪರಿಮಳ ಬಂದರೆ ನನಗೆ ಚಾಕಲೇಟು ನೆನಪಾಗುವುದಿಲ್ಲ ಮಾರಾಯ್ರೆ, ಅಪ್ಪನ ಹರಕೆ ನೆನಪಾಗುತ್ತದೆ. ನಗಬೇಡಿ, ಹೇಳುತ್ತೇನೆ.

ನಾನು ಬಿ.ಕಾಂ. ಕೊನೆಯ ವರ್ಷದಲ್ಲಿದ್ದಾಗ ಸುಳ್ಯದ ನಮ್ಮ ಕುಟುಂಬದ ಮನೆಯಲ್ಲಿ ದೈವಕ್ಕೆ ತಂಬಿಲ ನಡೆಯಿತು. ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಕೈಮುಗಿಯುವ ಹೊತ್ತು. ಅಪ್ಪ ಅಷ್ಟೂ ಜನಕ್ಕೆ ಕೇಳುವ ಹಾಗೆ, "ಮಗಳು ಸಿಎ ಆಗಲಿ, ಒಂದು ಕೋಲ ಕೊಡ್ತೇನೆ" ಎಂದು ರಾತ್ರಿಯಿಡೀ ದೈವ ಕುಣಿಯುವ ಸೇವೆಯ ಹರಕೆ ಹೇಳಿಬಿಟ್ಟರು. ನನ್ನನ್ನು ಒಂದು ಮಾತು ಕೇಳಿರಲಿಲ್ಲ. ನಮ್ಮ ಕಡೆ ಕಾಮರ್ಸ್ ಓದಿದವರಿಗೆ ಸಿಎ, ಅದಾಗದಿದ್ದರೆ ಬ್ಯಾಂಕು, ಅದೂ ಆಗದಿದ್ದರೆ, ಹುಡುಗಿಯಾದರೆ ಮದುವೆ.

ಆದರೆ ಕಾಲೇಜಿನಿಂದ ಪುತ್ತೂರಿನ ಚಾಕಲೇಟು ಕಾರ್ಖಾನೆ ನೋಡಲು ಹೋದ ದಿನವೇ ನನ್ನ ಮನಸ್ಸು ಬೇರೆ ಕಡೆ ಹೋಗಿತ್ತು. ಉಳಿದವರು ತಿನ್ನುತ್ತಿದ್ದಾಗ (ನಾನು ತಿನ್ನಲಿಲ್ಲ ಅಂತಲ್ಲ) ನಾನು ಅಲ್ಲಿಯ ಕಾಸ್ಟ್ ಅಕೌಂಟೆಂಟ್ ಮೇಡಂ ಹಿಂದೆ ಬಿದ್ದಿದ್ದೆ. ಒಂದು ತುಂಡಿಗೆ ಹಾಲು, ಕರೆಂಟು, ಕೂಲಿ ಎಷ್ಟೆಷ್ಟು ಬೀಳುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಓದಿದರೆ ಇದನ್ನೇ, ಕಾಸ್ಟ್ ಅಕೌಂಟಿಂಗಿನ ಸಿಎಂಎ ಕೋರ್ಸನ್ನೇ ಓದಬೇಕು ಅನ್ನಿಸಿತು.

ಅಪ್ಪನ ಹತ್ತಿರ ಬಾಯಿ ತೆರೆದರೆ, "ಎಂತ ಮಾರಾಯ್ತಿ, ದೈವಕ್ಕೆ ಹೇಳಿ ಆಯ್ತಲ್ಲ! ಇನ್ನು ಬದಲಿಸುದು ಹೇಗೆ?" ಎಂದು ಎದ್ದು ಹೋಗುತ್ತಿದ್ದರು. ಸಿಟ್ಟು ಬರುತ್ತಿತ್ತು, ಹೆದರಿಕೆಯೂ ಆಗುತ್ತಿತ್ತು. ಮಾತು ತಪ್ಪಿದ್ದಕ್ಕೆ ಅಪ್ಪನಿಗೇ ಏನಾದರೂ ಆದರೆ?

ಕೊನೆಗೆ ಅಜ್ಜಿ ಹೇಳಿದರು: "ಅವ ಹೇಳಿದ್ದು ದೈವಕ್ಕಲ್ವಾ? ನೀನೂ ಅಲ್ಲಿಗೇ ಹೋಗಿ ಹೇಳು."

ಸಂಕ್ರಮಣದ ದಿನ ಕುಟುಂಬದ ಮನೆಯಲ್ಲಿ ದೈವಕ್ಕೆ ದೀಪ ಇಟ್ಟು ನಿಂತೆ. ಅಪ್ಪ ಹಿಂದೆ ಕೈಮುಗಿದಿದ್ದರು. ದೈವದ ಮುಂದಿನಿಂದ ಎದ್ದು ಹೋಗುವ ಹಾಗಿಲ್ಲವಲ್ಲ! ಕಾಸ್ಟ್ ಅಕೌಂಟಿಂಗ್ ಎಂದರೆ ಎಂತ ಎಂದು ದೈವಕ್ಕೆ ಇಡೀ ಪಾಠ ಮಾಡಿದೆ. "ಒಂದು ವಸ್ತು ಆಗ್ಲಿಕ್ಕೆ ನಿಜವಾಗಿ ಎಷ್ಟು ಬೀಳ್ತದೆ ಅಂತ ಹುಡುಕುದು. ನಂಗೆ ಅದೇ ಇಷ್ಟ" ಎಂದೆ. ಅಪ್ಪ ಮುಂದೆ ಬಂದು ನನ್ನ ಪಕ್ಕ ನಿಂತು, "ತಪ್ಪಿದ್ದರೆ ನನ್ನ ಮೇಲೆ ಇರಲಿ. ಅವಳು ಹೇಳಿದ್ದೇ ಆಗಲಿ. ಕೋಲ ಉಂಟು" ಎಂದರು.

ಸಿಎಂಎ ಪಾಸಾದೆ, ಕೋಲವೂ ಆಯಿತು. ಆದರೆ ಯಾರಾದರೂ ಕೇಳಿದರೆ ಅಪ್ಪ, "ಸಿಎಯ ಹಾಗೆಯೇ ಒಂದು" ಎಂದು ಮಾತು ಮುಗಿಸುತ್ತಿದ್ದರು. ಪ್ರತಿ ಸಲವೂ ನನಗೆ ಬೇಸರವಾಗುತ್ತಿತ್ತು.

ಮೊನ್ನೆ ಕಡಬದ ಮದುವೆಯೊಂದರಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದವರು, "ಮಗಳು ಸಿಎಯಾ?" ಎಂದು ಕೇಳಿದರು. ನಾನು ಮುಖ ಎತ್ತದೆ ಅನ್ನ ಕಲಸಿದೆ. ಅಪ್ಪ ಊಟ ನಿಲ್ಲಿಸಿ, "ಅಲ್ಲ ಮಾರಾಯ್ರೆ, ಅದು ಬೇರೆ, ಇದು ಬೇರೆ. ಈಗ ಈ ಹೋಳಿಗೆ ಉಂಟಲ್ಲ, ಇದು ಎಲೆಗೆ ಬರ್ಲಿಕ್ಕೆ ನಿಜವಾಗಿ ಎಷ್ಟು ಬೀಳ್ತದೆ..." ಎಂದು ಶುರು ಮಾಡಿದರು. ಪಾಯಸದವರು ಎರಡನೇ ಸಲ ಬಡಿಸಿದರೂ ಸಾಕು ಎನ್ನುವುದನ್ನು ಮರೆತು ಅಪ್ಪನ ಕಡೆಗೇ ತಿರುಗಿ ಕೂತಿದ್ದೆ. ಅಪ್ಪ ಇನ್ನೂ ಹೇಳುತ್ತಿದ್ದರು.