ಎಲ್ಲರೂ ಅಂದರೆ ಯಾರು?

ಆ ಬೆಳಿಗ್ಗೆ ನೀರುದೋಸೆ ಮುಗಿಸಿ ಕಾವಲಿ ಒರೆಸಿಟ್ಟಿದ್ದೆ. ಇವರು ಪುತ್ತೂರು ಪೇಟೆಯ ಅಂಗಡಿಗೆ ಹೋಗಿಯಾಗಿತ್ತು. ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುವಾಗ ಪೋಸ್ಟ್‌ಮ್ಯಾನ್ ಗೇಟಿನ ಹತ್ತಿರ ಸ್ಕೂಟರ್ ನಿಲ್ಲಿಸಿದರು. ಆಲೆಟ್ಟಿಯಿಂದ ದೇವಕಿಯ ಇನ್‌ಲ್ಯಾಂಡ್ ಕಾಗದ. ಕೈ ಒರೆಸಿಕೊಂಡು ಹೇರ್‌ಪಿನ್ನಿನಿಂದ ಅಂಚು ಬಿಡಿಸಿದೆ. ಮೊದಲ ಸಾಲು, "ಇತ್ತ ನಾವೆಲ್ಲರೂ ಕ್ಷೇಮ."

ಆ ಸಾಲನ್ನು ಮತ್ತೊಮ್ಮೆ ಓದಿದೆ.

ಬೇರೆ ಯಾರು ಬರೆದಿದ್ದರೂ ನಿಶ್ಚಿಂತೆಯಿಂದ ಮುಂದೆ ಓದುತ್ತಿದ್ದೆ. ಆದರೆ ಬರೆದವಳು ದೇವಕಿ.

ಎಂಟನೇ ಕ್ಲಾಸಿನಲ್ಲಿ ಕಾನ್ವೆಂಟ್ ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚ ಅವಳದು. ಉದ್ದದ ಹುಡುಗಿ. ಅಂಗೈ ನಮ್ಮದಕ್ಕಿಂತ ಒರಟು, ಅಕ್ಷರ ಮಾತ್ರ ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟ ಹಾಗೆ, ಒಂದೇ ಅಂತರದಲ್ಲಿ. ಪತ್ರಲೇಖನದ ಪೀರಿಯಡ್ಡಿನಲ್ಲಿ, ಮನೆಯಿಂದ ಗೆಳತಿಗೆ ಬರೆಯುವ ಪತ್ರಕ್ಕೆಂದು, ಸಿಸ್ಟರ್ 'ಇತ್ತ ನಾವೆಲ್ಲರೂ ಕ್ಷೇಮ' ಎಂದು ಬೋರ್ಡಿನ ಮೇಲೆ ಬರೆದರು. ನಾವೆಲ್ಲ ಹಾಗೆಯೇ ಇಳಿಸಿಕೊಂಡೆವು. ದೇವಕಿ ಬರೆದದ್ದು: "ಅಪ್ಪ ಕ್ಷೇಮ. ಅಮ್ಮ ಅರ್ಧ ಕ್ಷೇಮ, ಮಂಡಿ ಒಂದು ಕೇಳುದಿಲ್ಲ. ಗಂಗೆ ದನ ಕ್ಷೇಮ. ಬೊಗ್ಗ ನಾಯಿ ಕ್ಷೇಮ ಅಲ್ಲ, ಮುಳ್ಳುಹಂದಿಗೆ ಮುದ್ದು ಕೊಡಲಿಕ್ಕೆ ಹೋಗಿದ್ದಾನೆ."

ಕ್ಲಾಸಿಗೆ ಕ್ಲಾಸೇ ನಕ್ಕಿತು. ಸಿಸ್ಟರ್, "ಇದೆಂತ ದೇವಕಿ, ಹಾಜರಿ ಪುಸ್ತಕವಾ?" ಎಂದರು. ಅವಳು ಗಂಭೀರವಾಗಿ ಎದ್ದು ನಿಂತು, "ಎಲ್ಲರೂ ಅಂದ್ರೆ ಯಾರು ಸಿಸ್ಟರ್?" ಎಂದು ಕೇಳಿದಳು. ಸಿಸ್ಟರ್ ಅಂಕ ಕಡಿಮೆ ಮಾಡಲಿಲ್ಲ.

ಈ ಅಭ್ಯಾಸ ಎಲ್ಲಿಂದ ಬಂತೆಂದು ಆ ಬೇಸಿಗೆ ರಜೆಯಲ್ಲಿ ಅವಳ ಮನೆಗೆ ಹೋದಾಗ ತಿಳಿಯಿತು. ಟ್ರಂಕಿನ ತಳದಿಂದ ಒಂದು ಹಳೆಯ ಕಾಗದ ತೆಗೆದು, ಹಪ್ಪಳ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಅವಳ ಅಜ್ಜನ ಅಜ್ಜ ಮೀಸೆ ಮೂಡುವ ಪ್ರಾಯದ ಹುಡುಗನಾಗಿದ್ದಾಗ ಕಡಬದ ಗೆಳೆಯ ಅವನಿಗೆ ಬರೆದದ್ದಂತೆ. ಇಬ್ಬರೂ ಒಂದೇ ಜೋಡಿ ಕೋಣ ಕಟ್ಟಿ ಜೊತೆಯಲ್ಲಿ ಗದ್ದೆ ಉತ್ತವರು. "ಕೋಣ ಬೊಳ್ಳ ಕ್ಷೇಮ. ಪಾಂಡು ಕ್ಷೇಮ, ಆದರೆ ನೀನು ಹೋದ ಮೇಲೆ ಗದ್ದೆಗೆ ಇಳಿಯುವುದಿಲ್ಲ ಎಂದು ಹಠ ಮಾಡುತ್ತಾನೆ. ನನಗೂ ಹಾಗೆಯೇ." ಅಷ್ಟೇ ಓದಲಿಕ್ಕೆ ಆಗುತ್ತಿತ್ತು. ಉಳಿದದ್ದನ್ನು ಗೆದ್ದಲು ತಿಂದಿತ್ತು.

"ಪಾಂಡು ಸತ್ತು ನೂರು ವರ್ಷದ ಮೇಲಾಯ್ತು. ಅವನ ಹಠ ಇನ್ನೂ ಉಂಟು ನೋಡು," ಎಂದಳು ದೇವಕಿ.

ಹತ್ತನೆಯದು ಮುಗಿಸಿ ಅವಳು ಬೇಸಾಯಕ್ಕೆ ನಿಂತಳು. ಮದುವೆಯಾದ ಮೇಲೂ ತಾಯಿಮನೆ ಬಿಡಲಿಲ್ಲ, ಗಂಡನೇ ಅಲ್ಲಿಗೆ ಬಂದ. ನಲವತ್ತು ವರ್ಷ ನನಗೆ ಕಾಗದ ಬರೆದಳು. ಫೋನ್ ಬಂದ ಮೇಲೂ ಬರೆದಳು. "ಫೋನಲ್ಲಿ ಹೇಳಿದ್ದನ್ನು ಎಲ್ಲಿ ಮಡಚಿ ಇಡುದು ಮಾರಾಯ್ತಿ?" ಎನ್ನುತ್ತಿದ್ದಳು. ಅವಳ ಹಟ್ಟಿಯ ಒಂದೊಂದು ಕರುವನ್ನೂ ನಾನು ಕಾಣದೆಯೇ ಬಲ್ಲೆ. ಒಮ್ಮೆ, "ಗಂಗೆಯ ಕರು ಇಲ್ಲ. ಗಂಗೆ ಇನ್ನೂ ನೆಕ್ಕಲಿಕ್ಕೆ ಹುಡುಕುತ್ತಾಳೆ," ಎಂದಷ್ಟೇ ಬರೆದಿದ್ದಳು. ಆ ದಿನ ನಾನು ಅಡಿಗೆಗೆ ಉಪ್ಪು ಹಾಕಲು ಮರೆತಿದ್ದೆ.

ಅಂಥವಳು ಈಗ ಒಂದು ಹೆಸರೂ ಇಲ್ಲದೆ 'ಎಲ್ಲರೂ' ಎಂದು ಬರೆದಿದ್ದಳು. ಮನೆಗೆ ಬೀಗ ಹಾಕಿ ಸುಳ್ಯದ ಬಸ್ಸು ಹತ್ತಿದೆ, ಅಲ್ಲಿಂದ ರಿಕ್ಷಾ ಹಿಡಿದೆ.

ದೇವಕಿ ದನದ ಹಟ್ಟಿಯ ಮೆಟ್ಟಿಲಲ್ಲಿ ಕೂತಿದ್ದಳು. ಅವಳು ಕೂತಿರುವಾಗ ಗಂಡ ದನಕ್ಕೆ ಹುಲ್ಲು ಹಾಕುವುದನ್ನು ನಾನು ನೋಡಿದ್ದು ಅದೇ ಮೊದಲು.

"ಎಂತ ನೀನು, ಹೇಳದೆ ಕೇಳದೆ?"

"ನಿನ್ನ ಕಾಗದ ಬಂತು."

"ಅದರಲ್ಲಿ ಎಂತ ಉಂಟು? ಎಲ್ಲರೂ ಕ್ಷೇಮ ಅಂತ ಬರೆದಿದ್ದೆ."

"ಎಲ್ಲರೂ ಅಂದ್ರೆ ಯಾರು ದೇವಕಿ?"

ಅವಳು ನಕ್ಕಳು. ನಗುವಿನ ನಡುವೆ ಎರಡು ಸಲ ಉಸಿರಿಗೆ ನಿಲ್ಲಬೇಕಾಯಿತು.

"ಸುಳ್ಳು ಬರೆಯಲಿಕ್ಕೂ ಅಭ್ಯಾಸ ಬೇಕು ಮಾರಾಯ್ತಿ. ಸರಿ, ಕೇಳು. ಇವರು ಕ್ಷೇಮ. ತುಂಗೆ ಕ್ಷೇಮ, ಗಂಗೆಯ ವಂಶದವಳು. ದೇವಕಿ ಕ್ಷೇಮ ಅಲ್ಲ."

ಅಷ್ಟು ವರ್ಷಗಳಲ್ಲಿ ಆ ಪಟ್ಟಿಯಲ್ಲಿ ಅವಳ ಹೆಸರು ಬಂದದ್ದು ಅದೇ ಮೊದಲು. ಅದುವರೆಗೆ ಬಂದಿರಲಿಲ್ಲ ಎನ್ನುವುದೂ ನನಗೆ ಆಗಲೇ ಹೊಳೆದದ್ದು.

ಹೃದಯದ ಕಾಯಿಲೆಯಂತೆ. ಸೋಮವಾರ ಮಂಗಳೂರಿನಲ್ಲಿ ಆಪರೇಷನ್. "ನೀನು ಹೆದರ್ತಿ. ಎಲ್ಲ ಆದ ಮೇಲೆ ಬರೆಯುವಾ ಅಂತ ಇದ್ದೆ," ಎಂದಳು.

ಊಟ ಮಾಡಿಸದೆ ಬಿಡಲಿಲ್ಲ. ಹೊರಡುವಾಗ, ಸೋಮವಾರ ಆಸ್ಪತ್ರೆಗೆ ಬರುತ್ತೇನೆ ಎಂದೆ. "ಬಂದು ಎಂತ ಮಾಡುದು, ಬಾಗಿಲು ಕಾಯುದಾ? ಕಾಗದ ಬರಿ. ಎಲ್ಲರ ಹೆಸರು ಹಾಕು. ಎದ್ದ ಮೇಲೆ ಓದ್ತೇನೆ."

ಆಪರೇಷನ್ ಆದ ಮೇಲೆ ಅವಳು ಏಳಲಿಲ್ಲ. ನಾವು ಮುಖಾಮುಖಿ ಮಾತಾಡಿದ್ದು ಅದೇ ಕೊನೆ.

ಆದರೆ ಆ ಸಂಜೆ ನನಗದು ಗೊತ್ತಿರಲಿಲ್ಲ. ಮನೆಗೆ ಬಂದು, ಕಾಲು ತೊಳೆದು, ಜಗಲಿಯಲ್ಲಿ ಇನ್‌ಲ್ಯಾಂಡ್ ಬಿಡಿಸಿ ಕೂತೆ. ಇವರು ಕ್ಷೇಮ. ಬೆಕ್ಕು ಚಿನ್ನು ಕ್ಷೇಮ. ಮುಂದಿನದು ನನ್ನ ಹೆಸರು. ಅದನ್ನು ಬರೆದು ಅದರ ಮುಂದೆ ಏನು ಹಾಕುವುದೆಂದು ತಿಳಿಯದೆ ಪೆನ್ನು ಹಿಡಿದುಕೊಂಡೇ ಇದ್ದೆ. ಪಕ್ಕದ ಮನೆಯ ಜೋಹರಾ ಒಣಗಿದ ಬಟ್ಟೆ ತೆಗೆಯುತ್ತಾ ಕಂಪೌಂಡಿನ ಆಚೆಯಿಂದ ನೋಡಿ ನಕ್ಕಳು.

"ಇನ್ನೂ ಕಾಗದವಾ ಅಕ್ಕಾ? ನಿಮ್ಮ ಆ ಆಲೆಟ್ಟಿಯವರು ಇಲ್ಲದಿದ್ರೆ ಪೋಸ್ಟ್‌ಮ್ಯಾನಿಗೆ ಈ ಓಣಿಯ ದಾರಿಯೇ ಮರೆತು ಹೋಗ್ತಿತ್ತು."