ಒಂದು ನಿಮಿಷ ಮೊದಲೇ ಮುಳುಗಿದ ಸೂರ್ಯ

ಕಳೆದ ವಾರ ನರಿಕೊಂಬಿನಲ್ಲಿ ಸೂರ್ಯ ಒಂದು ನಿಮಿಷ ಮೊದಲೇ ಮುಳುಗಿದ. ಮುಳುಗಿಸಿದ್ದು ನಾನು. (ಪುಣ್ಯಕ್ಕೆ, ಕಾಗದದ ಮೇಲೆ ಮಾತ್ರ.)

ನಮ್ಮ ಉಸ್ಮಾನ್ ಮಾಮ ಮೂಡುಬಿದಿರೆಯಲ್ಲಿ ಕಂಪ್ಯೂಟರ್ ಮೇಷ್ಟ್ರು. ರಂಝಾನಿನಲ್ಲಿ ಊರಿಗೆಲ್ಲ ಹಂಚುವ ಉಪವಾಸದ ವೇಳಾಪಟ್ಟಿ ಬರುವುದು ಅವರು ಟರ್ಬೊ ಪಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಮಿನಿಂದ. ಅವರ ಹಳೇ ಕಂಪ್ಯೂಟರ್ ಈ ಸಲ ಕಣ್ಣು ಮುಚ್ಚಿತು. ಹೊಸದರಲ್ಲಿ ಟರ್ಬೊ, ಅಂದರೆ ಆ ಪ್ರೋಗ್ರಾಮನ್ನು ಓಡಿಸುವ ಕಂಪೈಲರ್, ಏಳಲೇ ಇಲ್ಲ.

"ಹೊಸ ಪಾಸ್ಕಲ್ ಕಂಪೈಲರ್ ಉಂಟಲ್ಲ ಮಾಮ? ಹಳೇದಕ್ಕೆ ಕಂಪ್ಯಾಟಿಬಲ್, ಸರಿಯಾಗಿ ಹೊಂದ್ತದೆ ಅಂತ ಅದನ್ನು ಮಾಡಿದವರೇ ಬರ್ದಿದ್ದಾರೆ. ನಾನು ಮಾಡಿ ಕೊಡ್ತೇನೆ" ಎಂದೆ, ಎದೆಯುಬ್ಬಿಸಿ.

ಹೊಸದರಲ್ಲಿ ಪ್ರೋಗ್ರಾಂ ಒಂದೇ ಒಂದು ಎರರ್ ಇಲ್ಲದೆ ಓಡಿತು! ಪ್ರಿಂಟ್ ತೆಗೆದು ಮಡಂತ್ಯಾರಿನ ಪ್ರೆಸ್ಸಿಗೆ ಹೊರಟೇಬಿಟ್ಟೆ. ಮಾಮ ತಡೆದು, ಹೋದ ವರ್ಷದ ಕಾರ್ಡನ್ನು ಪಕ್ಕಕ್ಕಿಟ್ಟರು.

"ಬಾ ಇಲ್ಲಿ. ಇದೇ ತಾರೀಕು, ಹೋದ ವರ್ಷ ಉಪವಾಸ ಬಿಡುವುದು ಆರು ಗಂಟೆ ಐದು ನಿಮಿಷಕ್ಕೆ. ನಿನ್ನದರಲ್ಲಿ ಆರು ನಾಲ್ಕು. ಎಂತ ಇದು?"

"ಒಂದು ನಿಮಿಷ ಅಲ್ವಾ ಮಾಮ?"

"ಇಡೀ ದಿನ ನೀರು ಸಹ ಕುಡಿಯದವ ಸೂರ್ಯ ಮುಳುಗುವ ಮೊದಲೇ ಖರ್ಜೂರ ಬಾಯಿಗಿಟ್ರೆ ಆ ಉಪವಾಸ ಹೋಯ್ತು ಮಾರಾಯ. ಊರಿಡೀದು ಹೋಯ್ತು. ಅಷ್ಟು ಉಪವಾಸ ಮತ್ತೆ ನಿನ್ನ ಕಂಪೈಲರ್ ಹಿಡೀತದಾ?"

ಪ್ರೆಸ್ಸಿಗೆಂದು ಮೆಟ್ಟಿದ ಚಪ್ಪಲಿ ಕಳಚಿದೆ.

ಹುಡುಕಲು ಕೂತೆ. ಕೆಲವು ದಿನ ಸರಿ, ಕೆಲವು ತಪ್ಪು! ಮಾಮ ಪ್ರೋಗ್ರಾಮಿಗೆ ದಿನ ಬಿಟ್ಟು ದಿನದ ಸೂರ್ಯಾಸ್ತ ಕೊಟ್ಟಿದ್ದರು. ನಡುವಿನ ದಿನಕ್ಕೆ ಪ್ರೋಗ್ರಾಂ ಸರಾಸರಿ ತೆಗೆಯುತ್ತದೆ. ಆಗ ಕೆಲವೊಮ್ಮೆ ಅರ್ಧ ನಿಮಿಷ ಉಳಿಯುತ್ತದೆ. ಟರ್ಬೊ ಅರ್ಧವನ್ನು ಯಾವಾಗಲೂ ಮೇಲಕ್ಕೆ ಹತ್ತಿಸುತ್ತದೆ. ಹೊಸದು ಹತ್ತಿರದ ಸಮಸಂಖ್ಯೆಗೆ ತಳ್ಳುತ್ತದೆ. ಐದೂವರೆ ನಿಮಿಷ ಆರಾಗುತ್ತದೆ, ಸರಿ, ಆದರೆ ನಾಲ್ಕೂವರೆ ನಾಲ್ಕಾಗುತ್ತದೆ. (ಬೆಳ್ತಂಗಡಿ ಬಸ್ಸಿನಲ್ಲಿ ಅರ್ಧ ಟಿಕೆಟಿನ ಮಗುವನ್ನು ಒಬ್ಬ ಕಂಡಕ್ಟರ್ ಸೀಟಿನಲ್ಲಿ ಕೂರಿಸುತ್ತಾನೆ, ಇನ್ನೊಬ್ಬ ಅಮ್ಮನ ಮಡಿಲಿಗೆ ದಾಟಿಸುತ್ತಾನಲ್ಲ, ಹಾಗೆ.) ಇಬ್ಬರಿಗೂ ಅವರವರ ನಿಯಮ. ಸುಳ್ಳುಗಾರ ಯಾರೂ ಅಲ್ಲ.

ಮದುವೆಮನೆಗಳಲ್ಲಿ ನಾನು ಮಾಮನ ಮಿಮಿಕ್ರಿ ಮಾಡುತ್ತೇನೆ. ಅದೇ ಕೆಮ್ಮು, ಅದೇ ಗದರಿಕೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಮಾಮಿ ಮಾತ್ರ "ಇವರು ಹಾಗೆ ಕೆಮ್ಮುವುದಿಲ್ಲ" ಎನ್ನುತ್ತಾರೆ. ನಾನೂ ಒಂದು ಕಂಪ್ಯಾಟಿಬಲ್ ವರ್ಷನ್ನೇ!

ಆದರೆ ಈ ಸಲ ಚಪ್ಪಾಳೆ ಸಾಲದು ಎಂದು ಹಟ ಹಿಡಿದೆ. ಅರ್ಧವನ್ನು ಮೇಲಕ್ಕೇ ಹತ್ತಿಸುವ ಲೆಕ್ಕವನ್ನು ನಾನೇ ಬರೆದು ಸೇರಿಸಿದೆ. ಹಳೆಯ ಕಾರ್ಡುಗಳನ್ನೆಲ್ಲ ಹರವಿ ಮಾಮ ಓದಿದರು, ನಾನು ತಾಳೆ ನೋಡಿದೆ. ಒಂದು ತಾರೀಕು ತಪ್ಪಿದರೂ ಪ್ರೆಸ್ಸಿಗೆ ಹೋಗುವುದಿಲ್ಲ ಎಂದವನು ಈಗ ನಾನು. ಒಂದೂ ತಪ್ಪಲಿಲ್ಲ. ಮಾಮ ಕಾರ್ಡಿನ ಮೂಲೆಯಲ್ಲಿ ಸಹಿ ಹಾಕಿ, "ಇನ್ನು ಹೋಗು" ಎಂದರು.

ಅಲ್ಲ, ಹಳಬರಿಗೆ ಹೊಂದುತ್ತೇನೆ ಎಂಬ ಸರ್ಟಿಫಿಕೇಟನ್ನು ಹೊಸಬ ತನಗೆ ತಾನೇ ಬರೆದುಕೊಂಡರೆ ಆಯಿತಾ?